ಚೆಲುವಮ್ಮ ಕಾಫಿ ಬಿಟ್ಟ ದಿನ

ಚೆಲುವಮ್ಮ ಬೀದಿಬದಿಯ ತನ್ನ ಇಸ್ತ್ರಿ ಗಾಡಿಯ ಮೇಲೆ ಅಂಗಿಯ ಕಾಲರಿಗೆ ನೀರು ಚಿಮುಕಿಸಿ ಇಸ್ತ್ರಿಪೆಟ್ಟಿಗೆ ಎತ್ತುವಷ್ಟರಲ್ಲಿ ಎದುರು ಮನೆಯ ಸುಂದರಮ್ಮನವರು ಕಾಫಿ ಲೋಟ ಹಿಡಿದು ಗೇಟಿನಾಚೆ ಬಂದರು. ಸಿದ್ಧಾರ್ಥನಗರದ ಆ ಬೀದಿಯಲ್ಲಿ ಇಪ್ಪತ್ತು ವರ್ಷದಿಂದ ಬೆಳಗಿನ ಹತ್ತು ಗಂಟೆ ಅಂದರೆ ಹೀಗೇ.

“ಇವತ್ತು ಬ್ಯಾಡ ಕಣ್ರವ್ವ.”

ಲೋಟ ಅಲ್ಲೇ ನಿಂತಿತು. “ಯಾಕೆ ಚೆಲುವಮ್ಮ? ನನ್ನ ಡಿಕಾಕ್ಷನ್‌ಗೆ ಏನಾಗಿದೆ?”

“ಏನೂ ಆಗಿಲ್ಲ. ನಾಕು ಗಂಟೆಗೆ ಸಮನ್ವಿತಾ ಮೇಡಮ್ಮೋರು ಪರೀಕ್ಷೆಗೆ ರಕ್ತ ತಗೋತಾರೆ. ಅಲ್ಲೀಗಂಟ ಕಾಫಿ, ಟೀ ಮುಟ್ಟಂಗಿಲ್ಲ.”

“ರಕ್ತ ಕೊಡೋರಿಗೆ ಕಾಫಿ ಕೊಟ್ಟು ಕಳಿಸ್ಬೇಕು. ಕಿತ್ಕೊಳ್ಳೋದನ್ನ ಎಲ್ಲೂ ಕೇಳಿಲ್ಲಮ್ಮ!” ಎಂದು ಸುಂದರಮ್ಮ ಒಳಗೆ ಹೋದರು. ಮಾತು ಇನ್ನೂ ಮುಗಿದಿಲ್ಲ ಎಂದು ಅವರ ಬೆನ್ನೇ ಹೇಳುತ್ತಿತ್ತು.

ಸಮನ್ವಿತಾ ಬೀದಿಯ ಕೊನೆಮನೆಯವಳು, ಪ್ರಯೋಗಾಲಯದಲ್ಲಿ ಕೆಲಸ. ಹೋದ ವರ್ಷ ಇಸ್ತ್ರಿಪೆಟ್ಟಿಗೆಯ ಕೆಂಡ ಸಿಡಿದು ಚೆಲುವಮ್ಮನ ಮುಂಗೈ ಸುಟ್ಟು ಕೀವು ಕಟ್ಟಿದಾಗ, ಸ್ಕೂಟರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋಗಿದ್ದಳು. ಇಪ್ಪತ್ತು ದಿನ ತಾನೇ ಬ್ಯಾಂಡೇಜು ಕಟ್ಟಿದ್ದಳು. ಅದನ್ನು ಎದುರಿಗೆ ಹೇಳಲು ಹೋದರೆ ಚೆಲುವಮ್ಮನ ಬಾಯಿಂದ ಬಟ್ಟೆಯ ಲೆಕ್ಕವೇ ಬರುತ್ತಿತ್ತು. ಬರೆದಾದರೂ ತಿಳಿಸೋಣವೆಂದು ಇನ್‌ಲ್ಯಾಂಡ್ ಕಾಗದ ತಂದಳು. “ಮೇಡಮ್ಮೋರಿಗೆ ಚೆಲುವಮ್ಮನ ನಮಸ್ಕಾರ” ಎಂದು ಬರೆದಳು. ಅಷ್ಟೇ. ದಿನವೆಲ್ಲ ನಿಂತು ಉಜ್ಜಿ, ಸಂಜೆ ಪೆನ್ನು ಹಿಡಿದರೆ ಎರಡನೇ ಸಾಲಿಗೆ ಮುಂಚೆಯೇ ನಿದ್ದೆ ಬಂದು ಗದ್ದ ಎದೆಗೆ ಬೀಳುತ್ತಿತ್ತು. ಹನ್ನೊಂದು ತಿಂಗಳಿಂದ ಆ ಕಾಗದ ಗಾಡಿಯ ಡಬ್ಬಿಯೊಳಗೆ ಗುಂಡಿ, ಪಿನ್ನುಗಳ ಜೊತೆ ಸಂಸಾರ ಮಾಡುತ್ತಿತ್ತು.

“ಸಂಜೆಯಾದ್ರೆ ನಿದ್ದೆ ಎಳೆಯೋದು ನಿಮ್ಮ ತಪ್ಪಲ್ಲ,” ಎಂದು ಸಮನ್ವಿತಾ ಒಮ್ಮೆ ಹೇಳಿದ್ದಳು. “ದುಡಿಯೋಕೆ ಮೈಗೆ ಶಕ್ತಿ ಕೊಡೋದು ಎಟಿಪಿ ಅನ್ನೋ ವಸ್ತು. ದುಡಿದಷ್ಟೂ ಅದು ಒಡೆದು ಅಡೆನೊಸಿನ್ ಆಗುತ್ತೆ. ನಿಮ್ಮ ಗಾಡಿ ಮೇಲೆ ಬಟ್ಟೆ ಗಂಟು ಸೇರೋ ಹಾಗೆ ಮೆದುಳಲ್ಲಿ ಸೇರ್ಕೊಂಡು ‘ಸಾಕು, ಮಲಗು’ ಅನ್ನುತ್ತೆ. ಕಾಫಿ ಬಂದ್ರೆ ಅದರ ಕುರ್ಚಿಯಲ್ಲಿ ತಾನು ಕೂತುಬಿಡುತ್ತೆ, ನಿದ್ದೆ ಓಡುತ್ತೆ. ಗಾಯ ಆದಾಗಲೂ ಅಷ್ಟೇ. ಒಡೆದ ಜೀವಕೋಶದಿಂದ ಎಟಿಪಿ ಹೊರಗೆ ಚೆಲ್ಲಿ, ಕಾಯೋ ಬಿಳಿ ರಕ್ತಕಣಗಳನ್ನ ‘ಬನ್ರೋ, ಬನ್ರೋ’ ಅಂತ ಕೂಗುತ್ತೆ. ಆಮೇಲೆ ಅದೇ ಒಡೆದು ಅಡೆನೊಸಿನ್ ಆಗಿ, ‘ಸಾಕು ಬಿಡ್ರೋ’ ಅಂತ ಸಮಾಧಾನ ಮಾಡುತ್ತೆ.”

ಆ ಸಮಾಧಾನದ ಮಾತನ್ನು ಕಣಗಳು ಎಷ್ಟು ಕೇಳುತ್ತವೆ ಎಂದು ನೋಡಲು ಕಾಫಿ ಸೋಕದ ರಕ್ತ ಬೇಕಿತ್ತು. ಅದನ್ನು ತೆಗೆಯಲು ಇವತ್ತೇ ಕಡೇ ದಿನ. ಮೇಡಂ ತನ್ನಿಂದ ಕೇಳಿದ್ದು ಇದೊಂದೇ. ಚೆಲುವಮ್ಮ ಹಲ್ಲು ಕಚ್ಚಿ ತಡೆದುಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಅವಳ ತಲೆ ಮದುವೆಮನೆಯ ಒರಳಿನಂತಾಯಿತು. ಕಡಕೊಳದ ಕಾರ್ಖಾನೆಗೆ ಎರಡನೇ ಪಾಳಿಗೆ ಹೊರಟಿದ್ದ ಅದೇ ಬೀದಿಯ ವಿಜಯ್‌ಕುಮಾರ್ ತನ್ನ ಅಂಗಿಗೆ ಬಂದಾಗ, ಇಸ್ತ್ರಿಪೆಟ್ಟಿಗೆ ಅದರ ಬೆನ್ನ ಮೇಲೆ ಕೂತಿತ್ತು, ಚೆಲುವಮ್ಮ ನಿಂತಲ್ಲೇ ತೂಕಡಿಸುತ್ತಿದ್ದಳು. ಹೊಗೆ ಮೂಗಿಗೆ ಬಡಿದು ಎಚ್ಚೆತ್ತು ಪೆಟ್ಟಿಗೆ ಕಿತ್ತಳು. ಹೆಬ್ಬೆರಳು ಚುರ್ರೆಂದಿತು.

“ಏನಮ್ಮ ಇದು! ಸೂಪರ್‌ವೈಸರ್ ಮುಂದೆ ಬೆನ್ನಮೇಲೆ ಅರಳಿ ಎಲೆಯಂಥ ಸುಟ್ಟ ಗುರುತು ಹೊತ್ಕೊಂಡು ನಿಂತ್ಕೊಳ್ಳಾ?”

ಅವನ ಕೂಗಿಗೆ ಆರು ಮನೆಯ ಬಾಗಿಲು ತೆರೆದವು. ಒಬ್ಬರು ಟೂತ್‌ಪೇಸ್ಟ್ ತಂದರು, ಇನ್ನೊಬ್ಬರು ಜೇನುತುಪ್ಪ, ಮತ್ತೊಬ್ಬರು ಬರೀ ಉಪದೇಶ. ಕೂಗಿ ಕೂಗಿ ಸುಸ್ತಾದ ಮೇಲೆ ವಿಜಯ್‌ಕುಮಾರನೇ, “ಸಾಕು ಬುಡ್ರೀ, ಗಾಳಿ ಬರ್ಲಿ. ಇನ್ನೊಂದು ಹಾಕ್ಕೋತೀನಿ. ಬೆರಳು ಬಾಳ ಸುಟ್ಟೋಯ್ತಾ ಚೆಲುವಮ್ಮ?” ಎಂದು ಗುಂಪು ಚದುರಿಸಿದ. ಕೂಗಿ ಕರೆದದ್ದೇ ಆಮೇಲೆ ‘ಸಾಕು ಬಿಡ್ರೋ’ ಅನ್ನುತ್ತೆ ಎಂದು ಮೇಡಂ ಹೇಳಿದ್ದು ಚೆಲುವಮ್ಮನಿಗೆ ಈಗ ಪೂರ್ತಿ ಅರ್ಥವಾಯಿತು.

ಮೂರೂವರೆಗೆ ಸುಂದರಮ್ಮ ಮತ್ತೆ ಬಂದರು. “ಕಾಫಿ ಬೇಡ ಅಂದೆ, ಆಯ್ತು. ಇದು ಬೆಲ್ಲದ ಕಷಾಯ. ಶುಂಠಿ, ಮೆಣಸು, ಜೀರಿಗೆ.”

“ಟೀ ಸೊಪ್ಪು ಹಾಕಿಲ್ಲ ತಾನೇ ಅವ್ವ?”

“ಟೀ ಸೊಪ್ಪು ನಮ್ಮನೆ ಹೊಸಲು ದಾಟಿಲ್ಲ ಕಣಮ್ಮ!”

ಚೆಲುವಮ್ಮ ಕುಡಿದಳು. ಅವಳನ್ನು ಕೂರಿಸಿಕೊಂಡ ಸಮನ್ವಿತಾಳ ಸ್ಕೂಟರ್ ಪ್ರಯೋಗಾಲಯ ಮುಟ್ಟುವಷ್ಟರಲ್ಲಿ, ತಲೆಯೊಳಗೆ ಯಾರೋ ಕಿಟಕಿ ತೆಗೆದಂತಾಗಿತ್ತು.

ಅಲ್ಲಿ ಸಮನ್ವಿತಾ ಮೊದಲು ಹಿಡಿದದ್ದು ಸುಟ್ಟ ಬೆರಳನ್ನು. ತೊಳೆದು, ಮುಲಾಮು ಸವರಿ, ಬ್ಯಾಂಡೇಜು ಸುತ್ತಿದಳು. ಆಮೇಲೆ ಸೂಜಿ ತೆಗೆಯುತ್ತಾ, “ಬೆಳಗ್ಗೆಯಿಂದ ಏನೇನು ಕುಡಿದ್ರಿ?” ಎಂದಳು.

“ನೀರು, ಮಜ್ಜಿಗೆ. ಸುಂದರಮ್ಮೋರ ಕಷಾಯ.”

ಸಮನ್ವಿತಾ ಸೂಜಿ ಕೆಳಗಿಟ್ಟು, ಸುಂದರಮ್ಮನವರಿಗೆ ಫೋನು ಮಾಡಿ ಕಷಾಯಕ್ಕೆ ಏನೇನು ಹಾಕಿದಿರಿ ಎಂದು ಕೇಳಿದಳು.

“ಶುಂಠಿ, ಮೆಣಸು, ಜೀರಿಗೆ,” ಎಂದಿತು ಸುಂದರಮ್ಮನವರ ದನಿ. “ಪಾಪ, ಕಾಫಿ ಇಲ್ದೆ ಅವಳ ಮುಖ ನೋಡೋಕಾಗ್ಲಿಲ್ಲ. ಅರ್ಧ ಲೋಟ ಡಿಕಾಕ್ಷನ್ನೂ ಹಾಕ್ದೆ. ಶುಂಠಿ ಘಾಟಲ್ಲಿ ಗೊತ್ತೇ ಆಗಲ್ಲ ಕಣಮ್ಮ!”

ಚೆಲುವಮ್ಮನ ಕಣ್ಣು ತುಂಬಿತು. “ಕೆಟ್ಟೋಯ್ತಾ ಮೇಡಮ್ಮ?”

“ಈ ರಕ್ತ ಆಗಲ್ಲ. ಹೋಗ್ಲಿ ಬಿಡಿ. ನನಗೋಸ್ಕರ ಇಡೀ ದಿನ ತಡ್ಕೊಂಡ್ರಲ್ಲ, ಇನ್ಯಾರು ಮಾಡ್ತಾರೆ?” ಸಮನ್ವಿತಾ ನಕ್ಕು ಮತ್ತೆ ಸ್ಕೂಟರಿನಲ್ಲೇ ತಂದು ಬಿಟ್ಟಳು.

ಒಂದು ಬ್ಯಾಂಡೇಜಿನ ಋಣ ತೀರಿಸಲು ಹೋದವಳು ಇನ್ನೊಂದು ಸುತ್ತಿಸಿಕೊಂಡು ಬಂದಿದ್ದಳು.

ಸಂಜೆ ಇನ್‌ಲ್ಯಾಂಡ್ ಬಿಚ್ಚಿದಳು. ಕಣ್ಣು ಗೂಬೆಯಂತೆ ಅಗಲವಾಗಿತ್ತು. ಸುಟ್ಟ ಹೆಬ್ಬೆರಳು ಬಿಟ್ಟು ಎರಡು ಬೆರಳಲ್ಲಿ ಪೆನ್ನು ಸಿಕ್ಕಿಸಿ, ಮುಂಗೈಯದ್ದು ಬರೆದಳು, ಇಪ್ಪತ್ತು ದಿನದ್ದು ಬರೆದಳು, ಇವತ್ತಿನದೂ ಬರೆದಳು. ಜಾಗ ಮುಗಿದು ಅಂಚಿನಲ್ಲಿ, “ಇದ ಬರೆಯಕ್ಕೆ ಎಚ್ಚರ ಕೊಟ್ಟೋರು ಸುಂದರಮ್ಮೋರು, ಅವರನ್ನ ಬೈಬ್ಯಾಡಿ” ಎಂದು ಸೇರಿಸಿದಳು.

ಗಾಡಿಯಿಂದ ಮೇಡಂ ಮನೆ ನಾಲ್ಕೇ ಮನೆ ಆಚೆ. ಕೈಯಲ್ಲಿ ಕೊಡಲು ಹೋದರೆ ಮತ್ತೆ ಬಟ್ಟೆಯ ಲೆಕ್ಕವೇ ಬಾಯಿಗೆ ಬಂದೀತು. ಚೆಲುವಮ್ಮ ಅನ್ನದ ಅಗುಳು ಮೆತ್ತಿ ಕಾಗದ ಅಂಟಿಸಿ, ವಿಳಾಸ ಬರೆದು, ಮೂಲೆಯ ಕೆಂಪು ಅಂಚೆ ಡಬ್ಬಿಯವರೆಗೆ ನಡೆದು, ಒಳಕ್ಕೆ ಹಾಕಿ, ತಳಕ್ಕೆ ಬಿದ್ದ ಸದ್ದು ಕೇಳಿಸಿಕೊಂಡೇ ಕೈ ತೆಗೆದಳು.