ಗದ್ದೆ ಕೊಟ್ಟು ಗುಡ್ಡೆ ತಂದದ್ದು

ಅರ್ಹತೆ ಇಲ್ಲದ ಗೌರವ ತಾನಾಗಿ ಮನೆ ಬಾಗಿಲಿಗೆ ಬಂದರೆ, ಬೇಡ ಎಂದು ಹಿಂದೆ ಕಳುಹಿಸುವಷ್ಟು ಗಟ್ಟಿ ಮನಸ್ಸಿನವರು ಎಲ್ಲೋ ಇರಬಹುದು. ನಾನು ಅವರ ಪೈಕಿ ಅಲ್ಲ. ಸಾವಿರದ ಒಂಬೈನೂರ ಅರುವತ್ತರ ಆಸುಪಾಸಿನಲ್ಲಿ ಮಂಗಳೂರಿನ ಒಂದು ಮಣ್ಣು ಪರೀಕ್ಷೆಯ ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದೆ. ರೈತರು ತಂದ ಮಣ್ಣಿನ ಚೀಲಗಳಿಗೆ ನಂಬರು ಅಂಟಿಸುವುದು, ಒಳಗಿನವರು ಪರೀಕ್ಷಿಸಿ ಹೇಳಿದ್ದನ್ನು ದುಂಡಗಿನ ಅಕ್ಷರದಲ್ಲಿ ಬರೆದು ಕೊಡುವುದು, ಇಷ್ಟೇ ನನ್ನ ಕೆಲಸ. ಆದರೆ ಜೆಪ್ಪುವಿನಲ್ಲಿ ನಾವಿದ್ದ ಬಾಡಿಗೆ ಮನೆಯ ನೆರೆಕರೆಗೆಲ್ಲ ನಾನು ‘ಮಣ್ಣಿನ ಶೆಟ್ರು’. ಯಾರದಾದರೂ ತೆಂಗಿನ ಗರಿ ಹಳದಿಯಾದರೆ ನನಗೆ ಕರೆ ಬರುತ್ತಿತ್ತು. ನಾನು ಬುಡದ ಮಣ್ಣನ್ನು ಬೆರಳಲ್ಲಿ ತಿಕ್ಕಿ, ಸ್ವಲ್ಪ ಹೊತ್ತು ಆಕಾಶ ನೋಡಿ, ಸುಣ್ಣ ಕಮ್ಮಿಯಾಗಿದೆ ಎನ್ನುತ್ತಿದ್ದೆ. ನಮ್ಮ ಕಡೆಯ ಹುಳಿಮಣ್ಣಿಗೆ ಈ ಮಾತು ಹೆಚ್ಚಾಗಿ ಸರಿಯಾಗಿಯೇ ಬಿಡುತ್ತದೆ. ಮೇಲಿಂದ ಕಾಫಿಯೂ ಸಿಗುತ್ತಿತ್ತು.

ಈ ಖ್ಯಾತಿ ತಲೆಗೇರಿದ್ದ ಹೊತ್ತಿನಲ್ಲೇ ನಾವು ದೇರೆಬೈಲಿನಲ್ಲಿ ಹದಿನೈದು ಸೆಂಟ್ಸು ಜಾಗ ಕೊಂಡೆವು. ಆಗ ದೇರೆಬೈಲು ಅತ್ತ ಹಳ್ಳಿಯೂ ಅಲ್ಲ, ಇತ್ತ ಪೇಟೆಯೂ ಅಲ್ಲ. ನಮ್ಮ ಜಾಗದ ಮೇಲಿನ ಅರ್ಧ ಗುಡ್ಡೆ, ಕೆಳಗಿನ ಅರ್ಧ ಮಾರ್ಗದ ಪಕ್ಕದ ಹಳೆಯ ಗದ್ದೆ. ಗುಡ್ಡೆಯ ಆಚೆಯ ತುಂಡು ಇದಿನಬ್ಬ ಸಾಹೇಬರದು. ಅವರು ಬಂದರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದವರು, ಮಾತು ಕಡಿಮೆ, ನಗು ಇನ್ನೂ ಕಡಿಮೆ. ಕೊಬ್ಬರಿ ಒಣಗಿಸಲು ಅವರಿಗೆ ಗಾಡಿ ಬಂದು ನಿಲ್ಲುವಂಥ ಸಮತಟ್ಟು ಅಂಗಳ ಬೇಕಿತ್ತು. ನಿಮ್ಮ ಗದ್ದೆಯ ತುಂಡು ನನಗೆ ಕೊಡಿ, ನನ್ನ ಗುಡ್ಡೆಯ ತುಂಡು ನೀವು ಇಟ್ಟುಕೊಳ್ಳಿ ಎಂದು ಕೇಳಿದರು. ಗದ್ದೆಯಲ್ಲಿ ಚಪ್ಪಲಿ ಹೂತುಹೋಗುತ್ತಿತ್ತು, ಸೊಳ್ಳೆ ಬೇರೆ. ಗುಡ್ಡೆಯಲ್ಲಿ ಗಾಳಿ ಉಂಟು, ದೂರದಲ್ಲಿ ಸಮುದ್ರ ಕಾಣುತ್ತದೆ. ನಾನು ನಿಂತ ಕಾಲಲ್ಲೇ ಒಪ್ಪಿದೆ.

“ಮನೆಯಲ್ಲಿ ಒಮ್ಮೆ ಕೇಳಿ ಶೆಟ್ರೇ” ಎಂದರು ಅವರು.

“ಮಣ್ಣಿನ ವಿಷಯ ನನಗೆ ಬಿಡಿ ಸಾಹೇಬ್ರೇ” ಎಂದೆ ನಾನು.

ನನ್ನ ಹೆಂಡತಿ ಜಲಜ ಬೇಸಾಯದ ಮನೆಯಲ್ಲಿ ಹುಟ್ಟಿದವಳು. ಜಾಗ ನೋಡಲು ಬಂದ ದಿನವೇ ಆ ಗದ್ದೆಯ ಕಪ್ಪು ಮಣ್ಣನ್ನು ಹಿಡಿಯಷ್ಟು ಎತ್ತಿ ಮೂಸಿ, ಬಸಳೆ ಚಪ್ಪರ ಎಲ್ಲಿ, ಹರಿವೆಯ ಸಾಲು ಎಲ್ಲಿ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡಿದ್ದಳಂತೆ. ಇದು ನನಗೆ ತಿಳಿದದ್ದು ಕಾಗದ ಪತ್ರ ಮುಗಿಸಿ ಬಂದು ಸಂಭ್ರಮದಿಂದ ಸುದ್ದಿ ಹೇಳಿದ ಮೇಲೆ.

“ಎಷ್ಟೋ ತಲೆಮಾರು ಸೊಪ್ಪು, ಗೊಬ್ಬರ ತಿಂದ ಮಣ್ಣು ಅದು. ಅದನ್ನು ಕೊಟ್ಟು ಕಲ್ಲು ತಂದಿರಾ?” ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ಒಳ್ಳೆಯದಿತ್ತು. ಆಮೇಲೆ ಒಂದು ವಾರ ನನಗೆ ಗಂಜಿಯೂ ಉಪ್ಪಿನಕಾಯಿಯೂ ಮೌನವೂ ಬಡಿಸಲ್ಪಟ್ಟವು.

ಮನೆ ಕಟ್ಟಿ ಒಕ್ಕಲಾದ ಮೇಲೆ ನನ್ನ ಮಾನ ಉಳಿಸಿಕೊಳ್ಳಲು ನಾನೇ ಹಿತ್ತಿಲಲ್ಲಿ ಬಸಳೆ ನೆಟ್ಟೆ. ಹದಿನೈದು ದಿನದಲ್ಲಿ ಅದು ದಾರದ ಹಾಗಾಯಿತು. ಮಣ್ಣನ್ನು ಕಚೇರಿಗೆ ಒಯ್ದೆ. ಒಳಗಿನವರು ನೋಡಿ, ಇದನ್ನು ಯಾರು ಮಾರಾಯ ಮುರಕಲ್ಲು ಕಡಿಯುವ ಕೋರೆಯಿಂದ ಕೆರೆದು ತಂದದ್ದು ಎಂದು ಕೇಳಿದರು. ಗುಡ್ಡೆಗೆ ವರ್ಷ ವರ್ಷ ಬೆಂಕಿ ಬಿದ್ದು, ಮೇಲ್ಮಣ್ಣೆಲ್ಲ ಮಳೆಗೆ ತೊಳೆದುಹೋಗಿ, ಉಳಿದದ್ದು ಬರೀ ಜಲ್ಲಿಯಂತೆ. ಹೆಸರಿನ ಜಾಗದಲ್ಲಿ ‘ದೇರೆಬೈಲಿನ ಒಬ್ಬ ಕೃಷಿಕ’ ಎಂದು ಬರೆದು, ಆ ವರದಿಯನ್ನು ನನ್ನದೇ ದುಂಡಗಿನ ಅಕ್ಷರದಲ್ಲಿ ನಕಲು ಮಾಡಿಕೊಂಡೆ. ಅದರಲ್ಲಿ ಹೇಳಿದ ಸುಣ್ಣ, ಗೊಬ್ಬರ ತಂದು ಒಂದು ಭಾನುವಾರ ಎಲ್ಲ ಕಡೆ ಎರಚಿದೆ. ಸೋಮವಾರ ಮಳೆ ಹಿಡಿಯಿತು. ತಿಂಗಳು ಕಳೆದ ಮೇಲೆ ಇದಿನಬ್ಬ ಸಾಹೇಬರು ಬಂದು, ಇಳಿಜಾರಿನ ಬುಡದಲ್ಲಿ ತಮ್ಮ ಅಂಗಳದ ಈ ಬದಿಯಲ್ಲಿ ಮಾತ್ರ ಹುಲ್ಲು ಮೊಣಕಾಲೆತ್ತರ ಬೆಳೆಯುತ್ತಿದೆ, ನೀವು ಮಣ್ಣಿನವರು, ಕಾರಣ ಎಂತ ಇರಬಹುದು ಎಂದು ವಿಚಾರಿಸಿದರು. ಜಲಜ ಒಳಗೆ ಹೋಗಿ ನಕ್ಕಳು. ಗದ್ದೆ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು, ಹಾಗಾಗಿ ಗೊಬ್ಬರ ಪೂರ್ತಿ ವ್ಯರ್ಥವಾಯಿತು ಎನ್ನಲಾರೆ.

ಮರುದಿನದಿಂದ ಅವಳೇ ಸೊಂಟ ಕಟ್ಟಿದಳು. ಇಳಿಜಾರಿಗೆ ಅಡ್ಡವಾಗಿ ಕಲ್ಲಿನ ಕಟ್ಟೆ ಇಡಿಸಿದಳು. ಬೀದಿಯ ತರಗೆಲೆ ಗುಡಿಸಿ ತಂದು, ಮಣ್ಣಿನೊಂದಿಗೆ ಸುಟ್ಟು ಸುಡುಮಣ್ಣು ಮಾಡಿದಳು. ಆಚೆಮನೆಯ ಹಟ್ಟಿಯ ಗೊಬ್ಬರ, ಒಲೆಯ ಬೂದಿ, ಮೀನು ತೊಳೆದ ನೀರು ಎಲ್ಲ ಅಲ್ಲಿಗೇ. ಹೊರುವ ಕೆಲಸ ನನ್ನದು. ಪ್ಯಾಂಟು ತೊಟ್ಟು ಕಚೇರಿಯಲ್ಲಿ ಮಣ್ಣಿನ ಬಗ್ಗೆ ಬರೆದು, ಸಂಜೆ ಲುಂಗಿ ಕಟ್ಟಿ ತಲೆಯ ಮೇಲೆ ಸೆಗಣಿಯ ಬುಟ್ಟಿ ಹೊತ್ತೆ. ಮೊದಲ ವರ್ಷ ಹರಿವೆ ಗೇಣುದ್ದ ಬಂತು. ಮೂರನೆಯ ಮಳೆಗಾಲ ಕಳೆಯುವಾಗ ಕೆಂಪು ಮಣ್ಣು ಕಂದು ಬಣ್ಣಕ್ಕೆ ತಿರುಗಿ, ಹಿಡಿದರೆ ಮುದ್ದೆಯಾಗಿ ಬಿಟ್ಟರೆ ಉದುರುತ್ತಿತ್ತು. ಎರೆಹುಳು ಕಂಡ ದಿನ ಜಲಜ ನನ್ನನ್ನು ಸ್ನಾನದ ಕೋಣೆಯಿಂದ ಕರೆಸಿ ತೋರಿಸಿದಳು. ಬಸಳೆ ಚಪ್ಪರ ಮೀರಿ ಮನೆಯ ಮಾಡಿನ ಹೆಂಚಿಗೆ ಹತ್ತಿತು.

ಆ ವರ್ಷ ಇದಿನಬ್ಬ ಸಾಹೇಬರಿಗೂ ಅಂಗಳದ ಮೂಲೆಯಲ್ಲಿ ಮನೆಯವರಿಗಾಗಿ ಎರಡು ಬಾಳೆ ನೆಡುವ ಮನಸ್ಸಾಯಿತು. ಗದ್ದೆಗೆ ಜಲ್ಲಿ ಹಾಕಿಸಿ, ಬಡಿದು ಗಟ್ಟಿ ಮಾಡಿಸಿ, ವರ್ಷಗಟ್ಟಲೆ ಗಾಡಿ ಓಡಿಸಿದ ನೆಲ ಅದು. ಹಾರೆ ಇಳಿಯಲಿಲ್ಲ. ಪಿಕ್ಕಾಸಿನಲ್ಲಿ ಅಗೆದರೆ ಹೆಂಚಿನ ತುಂಡಿನಂಥ ಹೆಂಟೆ ಎದ್ದಿತು. ಹೊಯ್ದ ನೀರು ಹೊಯ್ದಲ್ಲೇ ನಿಂತಿತು. ನಮ್ಮ ಹಳೆಯ ಕಥೆ ಅವರ ಹೆಂಡತಿಯ ಬಾಯಿಂದ ಅವರ ಕಿವಿಗೆ ಬಿದ್ದದ್ದೂ ಆಗಲೇ. ಸಂಜೆ ಬಂದು ಅಂಗಳದಲ್ಲಿ ನಿಂತು ಜಲಜಳಿಗೆ ಹೇಳಿದರು:

“ಅಕ್ಕ, ಆ ಗದ್ದೆಯ ಮೇಲೆ ನಿಮಗೆ ಆಸೆ ಇದ್ದದ್ದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ನಾನು ಕೇಳ್ತಿರಲಿಲ್ಲ. ಬೇಕಾದರೆ ಈಗಲೂ ವಾಪಸು ತಕ್ಕೊಳ್ಳಿ. ಆದರೆ ನೀವು ಕಂಡ ಮಣ್ಣು ಈಗ ಅಲ್ಲಿ ಇಲ್ಲ, ನಾನೇ ಹಾಳು ಮಾಡಿದ್ದು.”

ಜಲಜ ಕೈಯ ಮಣ್ಣು ಕೊಡವಿಕೊಂಡಳು. “ಬೇಡ ಸಾಹೇಬ್ರೇ. ಮಣ್ಣು ಅಲ್ವಾ, ಹೇಗೆ ನಡೆಸಿಕೊಳ್ತೇವೋ ಹಾಗೆ ಇರ್ತದೆ. ಅದೂ ಸರಿಯಾದೀತು” ಎಂದು, ತನ್ನ ಪಾತಿಯಿಂದ ನಾಲ್ಕು ಬುಟ್ಟಿ ಮಣ್ಣು ತುಂಬಿಸಿ ಅವರ ಬಾಳೆಯ ಗುಂಡಿಗೆ ಕಳುಹಿಸಿದಳು. ಹೊತ್ತದ್ದು ಯಾರು ಎಂದು ಹೇಳಬೇಕಾಗಿಲ್ಲ. ಬುಟ್ಟಿ ಇಳಿಸಿಕೊಂಡ ಸಾಹೇಬರು ಆ ದಿನ ನನ್ನನ್ನು ನೋಡಿ ನಕ್ಕರು.

ಆ ಬಾಳೆ ಗೊನೆ ಹಾಕಿದ್ದೇ ತಡ, ದೇರೆಬೈಲಿನವರೆಲ್ಲ ಎಲೆಯಲ್ಲಿ, ಕಾಗದದಲ್ಲಿ ಮಣ್ಣು ಕಟ್ಟಿಕೊಂಡು ನಮ್ಮ ಮನೆಗೆ ಬರತೊಡಗಿದರು. ಜಗಲಿಯಲ್ಲಿ ಪತ್ರಿಕೆ ಹಿಡಿದು ಕುಳಿತ ನನ್ನನ್ನು ದಾಟಿ ನೇರ ಹಿತ್ತಿಲಿಗೆ ಹೋಗುತ್ತಾರೆ. ಜಲಜ ಮಣ್ಣನ್ನು ಮೂಸಿ, ಮೊದಲು ಅಲ್ಲಿ ಎಂತ ಇತ್ತು, ಎಷ್ಟು ವರ್ಷ ಇತ್ತು ಎಂದು ವಿಚಾರಿಸಿ, ಏನು ಮಾಡಬೇಕೆಂದು ಹೇಳುತ್ತಾಳೆ. ಮರೆತುಹೋದೀತೆಂದು ಕೆಲವರು ಬರೆದು ಕೊಡಿ ಎನ್ನುವುದುಂಟು. ಆಗ ನನಗೆ ಒಳಗಿನಿಂದ ಕರೆ ಬರುತ್ತದೆ. ಅವಳು ಹೇಳಿದ್ದನ್ನು ನಾನು ಚೀಟಿಯಲ್ಲಿ ಇಳಿಸುತ್ತೇನೆ. ಒಮ್ಮೆ ತಡೆಯಲಾರದೆ ಕೊನೆಯಲ್ಲಿ ನನ್ನದೂ ಒಂದು ಸಲಹೆ ಸೇರಿಸಿದ್ದೆ. ಅವಳು ಓದಿ ನೋಡಿ ಆ ಸಾಲನ್ನು ಹೊಡೆದುಹಾಕಿ, ಅಕ್ಷರ ಮಾತ್ರ ಚಂದ ಉಂಟು ಎಂದಳು.