ಅತ್ತೆಯ ಡಬ್ಬಿಯೂ ನನ್ನ ವೆಬ್‌ಸೈಟೂ

ನನಗೊಂದು ವೆಬ್‌ಸೈಟ್ ಇದೆ ಎಂದು ಹೇಳಿಕೊಳ್ಳಲು ಈಗೀಗ ಸಂಕೋಚವಾಗುತ್ತದೆ. ಸೇಲಂನಲ್ಲಿ ಕೂತು ಕನ್ನಡದಲ್ಲಿ ಬರೆಯುವವನಿಗೆ ಓದುಗರು ಎಲ್ಲಿಂದ ಬರುತ್ತಾರೆ ಎಂದು ನೀವು ಕೇಳಬಹುದು. ನನಗೂ ಅದೇ ಕುತೂಹಲ. ಸೈಟಿಗೆ ಎಷ್ಟು ಜನ ಬಂದರು ಎಂದು ತೋರಿಸುವ ಪುಟ್ಟ ಚೌಕವೊಂದಿದೆ. ಆಫೀಸಿಗೆ ಹೊರಡುವ ಮೊದಲು ಅದನ್ನು ನೋಡುತ್ತೇನೆ, ಬಂದು ಚಪ್ಪಲಿ ಬಿಡುವ ಮೊದಲೂ ನೋಡುತ್ತೇನೆ. ಒಂದು ದಿನ ಮೂವರು ಹೊಸಬರು ಬಂದಿದ್ದರು. ಯಾರಪ್ಪಾ ಈ ಪುಣ್ಯಾತ್ಮರು ಎಂದು ಹಿಗ್ಗಿ ಕೆದಕಿದರೆ, ನಾನೇ ಹೊಸ ಮೊಬೈಲಿನಲ್ಲೊಮ್ಮೆ, ಆಫೀಸಿನ ಕಂಪ್ಯೂಟರಿನಲ್ಲೊಮ್ಮೆ, ಹೆಂಡತಿಯ ಫೋನಿನಲ್ಲೊಮ್ಮೆ ತೆರೆದದ್ದು.

ನಾನು ಬರೆಯುವುದು ನಮ್ಮ ಕಡೆಯ ಕನ್ನಡ ಮನೆಗಳ ಸಣ್ಣಪುಟ್ಟ ಸಂಗತಿಗಳನ್ನು. ಅದರಲ್ಲಿ ಅರ್ಧಕ್ಕರ್ಧ ಸರಕು ಮಾರಂಡಹಳ್ಳಿಯಲ್ಲಿರುವ ನಮ್ಮ ಅತ್ತೆಯದು, ಅಂದರೆ ಅಪ್ಪನ ತಂಗಿಯದು. ಅತ್ತೆ ಓದಿದ್ದು ಐದನೇ ಕ್ಲಾಸು, ಅದೂ ತಮಿಳಿನಲ್ಲಿ. ಮಾತೆಲ್ಲ ಕನ್ನಡ, ಅಕ್ಷರವೆಲ್ಲ ತಮಿಳು. ಹೀಗಾಗಿ ನಾನು ಅವಳ ಬಾಯಿಂದ ಕೇಳಿ ಬರೆದದ್ದನ್ನು ಲೋಕವೆಲ್ಲ ಓದಬಹುದು, ಅವಳೊಬ್ಬಳು ಓದುವಂತಿಲ್ಲ. "ಅದೇನೋ ಗೀಚ್ತಾ ಇರ್ತೀಯಂತಲ್ಲಾ, ಯಾರ್ಲಾ ಓದ್ತಾರೆ ಅದನ್ನ?" ಎಂದು ಹೋದಾಗಲೆಲ್ಲ ಕೇಳುತ್ತಾಳೆ. ಊರೆಲ್ಲ ಹೊಗಳದಿದ್ದರೂ ಬೇಡ, ಅತ್ತೆ ಒಂದೇ ಒಂದು ಸಲ "ಚೆನ್ನಾಗೈತೆ" ಅನ್ನಬೇಕು. ನನಗಿದ್ದ ಆಸೆ ಅಷ್ಟೇ.

ಆಫೀಸಿನ ಗೆಳೆಯನೊಬ್ಬ ದಾರಿ ತೋರಿಸಿದ. "ಲೇಖನಾನ ನಿಮ್ಮ ಸೈಟಲ್ಲೇ ಬಚ್ಚಿಟ್ಕೊಂಡ್ರೆ ಯಾರಿಗೆ ಗೊತ್ತಾಗುತ್ತೆ ಸಾರ್? ದೊಡ್ಡ ಸೈಟುಗಳಿಗೆ, ಪತ್ರಿಕೆಗಳಿಗೆ ಹಾಗೇ ಕೊಡಿ, ಅವರೂ ಹಾಕ್ಕೊಳ್ಳಲಿ. ಕೆಳಗೆ ನಿಮ್ಮ ಹೆಸರು, ಸೈಟಿನ ವಿಳಾಸ ಇದ್ರೆ ಸಾಕು. ಅವರ ಓದುಗರೆಲ್ಲ ನಿಮ್ಮ ಕಡೆ ಬರ್ತಾರೆ" ಎಂದ. ಮಾತು ಹಿಡಿಸಿತು. ಯಾವುದನ್ನು ಕೊಡಲಿ ಎಂದು ಯೋಚಿಸಿ, ಡಬ್ಬಿಯ ಮೇಲೆ ಬರೆದದ್ದನ್ನು ಆರಿಸಿದೆ. ನಮ್ಮಲ್ಲಿ ಯಾರ ಮನೆಯಿಂದಾದರೂ ತಿನ್ನುವುದೇನಾದರೂ ಬಂದರೆ, ಆ ಡಬ್ಬಿಯನ್ನು ಖಾಲಿ ಹಿಂತಿರುಗಿಸುವಂತಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ರಾಗಿ, ನಾಲ್ಕು ಒಣಮೆಣಸಿನಕಾಯಿಯನ್ನಾದರೂ ಹಾಕಿ ಕೊಡಬೇಕು. ಇದನ್ನು ಬರೆಯುವಾಗ ನನಗೇ ಕಣ್ಣು ಒದ್ದೆಯಾಗಿತ್ತು. ಮಧ್ಯೆ ಲ್ಯಾಪ್‌ಟಾಪ್ ಬ್ಯಾಟರಿ ಮುಗಿದು, ಚಾರ್ಜರಿಗಾಗಿ ಮೇಜಿನ ಮೇಲಿದ್ದ ಸ್ಟೀಲ್ ಡಬ್ಬಿಗೆ ಕೈ ಹಾಕಿದ್ದೆ. ಅತ್ತೆ ಹುಣಸೆ ತೊಕ್ಕು ತುಂಬಿ ಕೊಟ್ಟಿದ್ದ ಡಬ್ಬಿ ಅದು. ತೊಕ್ಕು ಖರ್ಚಾಗಿ ಎಷ್ಟೋ ತಿಂಗಳಾಗಿತ್ತು. ವೈರುಗಳನ್ನು ಇಟ್ಟುಕೊಳ್ಳಲು ಹೇಳಿ ಮಾಡಿಸಿದ ಹಾಗಿತ್ತು.

ಕರ್ನಾಟಕದ ಸೈಟೊಂದು ಲೇಖನ ಹಾಕಿಕೊಂಡಿತು. ನನ್ನ ಸಂತೋಷ ಎರಡು ದಿನವೂ ಉಳಿಯಲಿಲ್ಲ, ರಕ್ತದಲ್ಲಿದ್ದ ಸಂಪ್ರದಾಯ ಎದ್ದು ಕೂತಿತು. ಅವರು ನನ್ನದನ್ನು ಹಾಕಿದ್ದಾರೆ, ನಾನು ಬರಿಗೈಲಿ ಇರುವುದು ಹೇಗೆ? ಅವರೇನೂ ಕೇಳಿರಲಿಲ್ಲ. ಆದರೂ ಮರ್ಯಾದೆಗೆಂದು ಅವರ 'ಕೂದಲು ಉದುರದಂತೆ ಹೀಗೆ ಮಾಡಿ' ಎಂಬ ಲೇಖನವನ್ನು, ಅವರ ಸೈಟಿಗೆ ಹೋಗುವ ದಾರಿಯ ಸಮೇತ, ನನ್ನಲ್ಲಿ ಹಾಕಿದೆ. ಇನ್ನೊಂದು ಸೈಟು ನನ್ನದನ್ನು ಹಾಕಿತು, ಅದರ ವಾರಭವಿಷ್ಯ ನನ್ನಲ್ಲಿಗೆ ಬಂತು. ಮತ್ತೊಂದರಿಂದ ಸೊಂಟನೋವಿನ ಮನೆಮದ್ದು ಬಂತು. ನೋಡನೋಡುತ್ತಾ ನನ್ನ ಲೇಖನಗಳು ಕೆಳಗೆ ಕೆಳಗೆ ಜಾರಿ, ಇದ್ದ ಬೆರಳೆಣಿಕೆಯ ಓದುಗರೂ ನನ್ನ ಬಾಗಿಲಲ್ಲೇ ತೂರಿ ಅವರ ಮನೆ ಸೇರಿದರು. "ಇದು ನಿಮ್ಮ ಸೈಟೋ, ಸೇಲಂ ಬಸ್ ಸ್ಟ್ಯಾಂಡೋ? ಎಲ್ಲಾ ಬೇರೆ ಊರಿಗೆ ಹೋಗೋರೇ ಇದ್ದಾರೆ" ಎಂದಳು ಹೆಂಡತಿ.

ಅಷ್ಟರಲ್ಲಿ ತಮಿಳು ಪತ್ರಿಕೆಯೊಂದು ಡಬ್ಬಿ ಲೇಖನವನ್ನು ಅನುವಾದ ಮಾಡಿಕೊಂಡು ಹಾಕಿತು. ಕೊನೆಯಲ್ಲಿ ಇರುವೆಯಷ್ಟು ಸಣ್ಣಕ್ಷರದಲ್ಲಿ ನನ್ನ ಹೆಸರಿತ್ತು. ಅದನ್ನು ಯಾರೋ ವಾಟ್ಸಾಪಿಗೆ ಏರಿಸುವಾಗ ಹೆಸರನ್ನು ಕತ್ತರಿಸಿದರು. ಹೆಸರಿಲ್ಲದ ಲೇಖನ ಫೋನಿಂದ ಫೋನಿಗೆ ಹಾರಿ ನನ್ನ ಆಫೀಸಿನ ಗ್ರೂಪಿಗೂ ಬಂತು. ನನಗೆ ಸಿಟ್ಟು ನೆತ್ತಿಗೇರಿತು. ಇದು ನಂದು, ಇದು ನಂದು ಎಂದು ಸಿಕ್ಕ ಗ್ರೂಪಿನಲ್ಲೆಲ್ಲ ಬರೆದೆ. ಅದಕ್ಕೆ ಬಂದ ಉತ್ತರವೆಂದರೆ ಹೆಬ್ಬೆರಳ ಚಿತ್ರ ಮಾತ್ರ.

ಭಾನುವಾರ ಬೆಳಿಗ್ಗೆ ಅತ್ತೆಯ ಫೋನು.

"ಲೇ, ಫೋನ್ನಾಗೆ ಒಂದು ಕಟ್ಟುರೈ ಬಂದೈತೆ ಕಣ್ಲಾ, ತಮಿಳ್ನಾಗೆ. ಡಬ್ಬಿ ಖಾಲಿ ಕೊಡಬಾರ್ದು ಅಂತ ಬರ್ದವ್ರೆ. ನಮ್ಮನೆ ಒಳಗೇ ಕುಂತು ಬರ್ದಂಗೈತೆ. ಎಲ್ಡು ಸಲ ಓದ್ದೆ. ರೊಂಬ ಚೆನ್ನಾಗೈತೆ!"

ಇಷ್ಟು ವರ್ಷ ಕಾದ ಮಾತು, ಮೇಲೊಂದು 'ರೊಂಬ' ಬೇರೆ. ಅತ್ತೆ, ಅದು ನಾನೇ ಬರೆದದ್ದು ಎನ್ನಲು ಬಾಯಿ ತೆರೆದೆ. ಅವಳು ಬಿಡಲಿಲ್ಲ.

"ಯಾರು ಬರ್ದೋರೋ, ಎಸರಿಲ್ಲ. ಯಾರೋ ಒಳ್ಳೆ ಮನೇಲಿ ಉಟ್ಟಿದೋನು. ಅಂತೋನು ಒಬ್ರ ಡಬ್ಬೀನೂ ಮಡೀಕಂಡಿರಾಕಿಲ್ಲ. ನೀನೂ ಇದ್ದೀಯಲ್ಲಾ, ತೊಕ್ಕು ತುಂಬ್ಸ್ಕಂಡು ಓದ ನನ್ನ ಡಬ್ಬಿ ಎಲ್ಲೈತ್ಲಾ?"

ಮೇಜಿನ ಕಡೆ ನೋಡಿದೆ. ಡಬ್ಬಿಯೊಳಗಿಂದ ಚಾರ್ಜರಿನ ಬಾಲ ಇಣುಕುತ್ತಿತ್ತು.

"ಮುಂದಿನ ವಾರ ತರ್ತೀನಿ ಅತ್ತೆ" ಎಂದೆ. "ಬರೆದೋರ ಹೆಸರು ನಿಜವಾಗ್ಲೂ ಎಲ್ಲೂ ಇಲ್ವಾ? ಸರಿಯಾಗಿ ನೋಡಿದ್ಯಾ?"

"ಎಲ್ಲೂ ಇಲ್ಲ ಕಣ್ಲಾ."

ಸದ್ಯ, ಹೆಸರು ಕತ್ತರಿಸಿದ ಆ ಪುಣ್ಯಾತ್ಮ ಯಾರೋ, ಅವನ ಹೊಟ್ಟೆ ತಣ್ಣಗಿರಲಿ.