ಆನೆ ನೋಡಲು ಹೋಗಿ ಆನೆ ಓಡಿಸಿದ್ದು

ಮಕ್ಕಳಿಗೆ ತನ್ನ ಬಾಲ್ಯದ ಕತೆ ಹೇಳುವಾಗ ಒಂದಿಷ್ಟು ಉಪ್ಪುಖಾರ ಹಚ್ಚದ ಅಪ್ಪ ಇದ್ದಾನೆಂದು ನಾನು ನಂಬುವುದಿಲ್ಲ. ಸಾಕ್ಷಿ ಹೇಳುವವರು ಹತ್ತಿರದಲ್ಲಿ ಇಲ್ಲದಿದ್ದರಂತೂ ಕೈ ಇನ್ನಷ್ಟು ಧಾರಾಳವಾಗುತ್ತದೆ. ನಮ್ಮ ಫ್ಯಾಕ್ಟರಿಯ ಗೆಳೆಯನೊಬ್ಬ ಶಾಲೆಗೆ ದಿನಾ ಹತ್ತು ಮೈಲಿ ನಡೆಯುತ್ತಿದ್ದೆ ಎಂದು ಮಗನ ಮುಂದೆ ಹೇಳಿಕೊಂಡೇ ಬಂದಿದ್ದ. ಕೊನೆಗೊಮ್ಮೆ ಊರಿಗೆ ಕರೆದುಕೊಂಡು ಹೋದರೆ ಶಾಲೆ ಇವನ ಮನೆಯ ಹಿತ್ತಲಿಗೇ ಅಂಟಿಕೊಂಡಿತ್ತು. ನಾನು ಅಷ್ಟು ಪೆದ್ದನಲ್ಲ. ನನ್ನ ಕತೆಗೆ ಆನೆಗಳನ್ನು ಇಟ್ಟುಕೊಂಡಿದ್ದೆ. ಆನೆ ಬಂದು ಸಾಕ್ಷಿ ಹೇಳುವುದಿಲ್ಲವಲ್ಲ.

ನಾನು ಹುಟ್ಟಿದ್ದು ಹೊಸೂರಿನ ಹತ್ತಿರದ ಸಾನಮಾವು ಕಾಡಿನ ಅಂಚಿನ ಹಳ್ಳಿಯಲ್ಲಿ. ರಾಗಿ ತೆನೆ ಬಲಿಯುವ ಹೊತ್ತಿಗೆ ಸರಿಯಾಗಿ ಆನೆಗಳು ಇಳಿದು ಬರುತ್ತಿದ್ದವು. ಹೊಲಕ್ಕೊಂದು ಮರ, ಮರದ ಮೇಲೊಂದು ಅಟ್ಟಣೆ, ಅಟ್ಟಣೆಯ ಮೇಲೆ ಕಾವಲು. ಒಂದೊಂದು ಅಟ್ಟಣೆಗೂ ಅದರದೇ ಕೂಗು. ನಮ್ಮಪ್ಪನದು “ಹೋಯ್, ಹೋಯ್” ಎಂದು ಎರಡು ತುಂಡು, ಆಮೇಲೆ ಉಸಿರು ಮುಗಿಯುವವರೆಗೆ ಒಂದು ಎಳೆತ. ಅದಕ್ಕೆ ಪಕ್ಕದ ಹೊಲದ ಚೌಡಣ್ಣ ಉತ್ತರ ಕೊಡಬೇಕು. ಆ ಉತ್ತರಕ್ಕೆ ಅಪ್ಪ ತಿರುಗಿ ಒಂದು ಗಿಡ್ಡ ಕೂಗು ಹಾಕಿ “ಇದ್ದೀನಿ” ಎಂದು ತಿಳಿಸಬೇಕು. ಆ ಗಿಡ್ಡ ಕೂಗು ಬರಲಿಲ್ಲವೋ, ಏನೋ ಅನಾಹುತವಾಗಿದೆ ಎಂದೇ ಲೆಕ್ಕ. ಸುತ್ತಲಿನವರೆಲ್ಲ ತಗಡಿನ ಡಬ್ಬ ಬಡಿಯುತ್ತ, ಪಂಜು ಹಿಡಿದು ಓಡಿ ಬರುತ್ತಿದ್ದರು.

ಇದಿಷ್ಟೂ ನಿಜ. ಮಗಳು ಸಿಂಚನಾಗೆ ಹೇಳುವಾಗ ಮಾತ್ರ ಅಪ್ಪನನ್ನು ಅಟ್ಟಣೆಯಿಂದ ಇಳಿಸಿ ಮನೆಗೆ ಕಳಿಸಿಬಿಡುತ್ತಿದ್ದೆ. ಅಲ್ಲಿ ಹತ್ತು ವರ್ಷದ ನಾನು ಒಬ್ಬನೇ ಕೂತು, ರೆಪ್ಪೆ ಮುಚ್ಚದೆ ಕಾದು, ಏಳು ಆನೆಗಳನ್ನು ಕೂಗಿ ಓಡಿಸುತ್ತಿದ್ದೆ. ಏಳನೇ ಕ್ಲಾಸಿನವರೆಗೆ ಅವಳು ಬಾಯಿ ಬಿಟ್ಟುಕೊಂಡು ಕೇಳಿದಳು. ಒಂಬತ್ತಕ್ಕೆ ಬಂದಮೇಲೆ ಒಂದು ದಿನ, “ಅಪ್ಪ, ನೀನು ನ್ಯೂಸ್ ನೋಡ್ತಾ ನೋಡ್ತಾನೇ ನಿದ್ದೆ ಹೋಗ್ತೀಯ. ರಾತ್ರಿಯೆಲ್ಲ ಎದ್ದಿದ್ದೆ ಅಂದ್ರೆ ಯಾರು ನಂಬ್ತಾರೆ?” ಎಂದಳು. ಫ್ಯಾಕ್ಟರಿಯಲ್ಲಿ ಯಾರೂ ನನ್ನ ಮಾತು ನಂಬದಿದ್ದರೆ ಅಡ್ಡಿಯಿಲ್ಲ, ಅಭ್ಯಾಸವಾಗಿದೆ. ಮಗಳ ಕಣ್ಣಲ್ಲಿ ಹೋದ ಮಾನವನ್ನು ಹೇಗಾದರೂ ವಾಪಸು ತರಲೇಬೇಕಿತ್ತು.

ಅಷ್ಟರಲ್ಲಿ ನನ್ನ ಹೆಂಡತಿ ಲತಾ ‘ಗ್ಲ್ಯಾಂಪಿಂಗ್’ಗೆ ಬುಕ್ ಮಾಡಿದಳು. ಅವಳು ಮಂಡ್ಯದವಳು, ಹೊಸೂರಿಗೆ ಕೆಲಸಕ್ಕೆಂದು ಬಂದವಳು, ಆನೆಯನ್ನು ದಸರಾದಲ್ಲಿ ಮಾತ್ರ ಕಂಡವಳು. ಗ್ಲ್ಯಾಂಪಿಂಗ್ ಎಂದರೆ ಡೇರೆಯಲ್ಲಿ ಮಲಗುವುದೇ. ಆದರೆ ಡೇರೆಯೊಳಗೆ ಡಬಲ್ ಮಂಚ, ಆಳೆತ್ತರದ ಕನ್ನಡಿ, ಬಿಸಿನೀರಿನ ನಲ್ಲಿ ಎಲ್ಲ ಇರುತ್ತವೆ. ಜಾಗ ಕಾಡಂಚಿನ ಒಂದು ವನ್ಯಜೀವಿ ಸಂರಕ್ಷಣಾ ಉದ್ಯಾನ, ಹೊಸೂರಿನ ಆಲಸನತ್ತದ ನಮ್ಮ ಮನೆಯಿಂದ ಮುಕ್ಕಾಲು ಗಂಟೆ. ಆಚೆ ಬದಿಗೇ ನಮ್ಮ ಹಳೆಯ ಹೊಲ. ಅಪ್ಪ ಹೋದಮೇಲೆ ಅದನ್ನು ಮಾರಿದ್ದೆವು. ಮುಕ್ಕಾಲು ಗಂಟೆಯ ದಾರಿಗೆ ಹನ್ನೆರಡು ವರ್ಷದಿಂದ “ಹೋಗ್ಬೇಕು, ಹೋಗ್ಬೇಕು” ಎನ್ನುತ್ತಲೇ ಇದ್ದೆ. ಯಾಕೆ ಹೋಗಲಿಲ್ಲ ಎಂದು ಯಾರಾದರೂ ಕೇಳಿದರೆ ನಾಚಿಕೆಯಾಗುತ್ತದೆ.

ಅಲ್ಲಿ ಇಳಿದ ಕೂಡಲೇ ನನ್ನ ಪಾಂಡಿತ್ಯ ಶುರುವಾಯಿತು. ಗೈಡ್ ಸೆಲ್ವಂ ಆನೆ ಹೆಜ್ಜೆ ತೋರಿಸಿದರೆ ನಾನು ಅದರ ವಯಸ್ಸು ಹೇಳಿದೆ. ಅವನು ಲದ್ದಿ ತೋರಿಸಿದರೆ ಅದು ನಿನ್ನೆಯದು ಎಂದೆ. ಸೆಲ್ವಂ ಒಳ್ಳೆಯ ಹುಡುಗ, “ಆಮಾ ಸಾರ್, ಆಮಾ ಸಾರ್” ಎಂದು ಎಲ್ಲದಕ್ಕೂ ಹೌದೆಂದ. ಸಿಂಚನಾಳ ಮುಖದಲ್ಲಿ ಒಂದು ಚೂರು ಗೌರವ ಮೂಡಿದ್ದನ್ನು ಕಂಡೆ.

ಸಂಜೆ ಏಳರ ಹೊತ್ತಿಗೆ ಬಿಸಿ ಬಜ್ಜಿ ಕೊಟ್ಟು, ನೀರಿನ ಹೊಂಡದೆದುರಿನ ಮರದ ಜಗಲಿಯ ಮೇಲೆ ನಮ್ಮನ್ನೆಲ್ಲ ಕೂರಿಸಿದರು. ಇಪ್ಪತ್ತು ಜನರಿದ್ದೆವು, ಪಿಸುಮಾತೂ ಇರಲಿಲ್ಲ. ಬಿದಿರು ಲಟಕ್ಕೆಂದಿತು. ಹಿಂಡು ಬಂತು. ಮುಂದೆ ಹೆಣ್ಣಾನೆ, ಅದರ ಕಾಲ ಸಂದಿಯಲ್ಲಿ ಮರಿ. ಸಿಂಚನಾ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ಆ ಬಿದಿರಿನ ಸದ್ದು, ಆ ವಾಸನೆ, ಆ ತಣ್ಣನೆಯ ಗಾಳಿ. ಆಮೇಲೆ ಆದದ್ದಕ್ಕೆ ನಾನು ಜವಾಬ್ದಾರನಲ್ಲ, ನನ್ನ ಮೈ ಜವಾಬ್ದಾರ. ಬಜ್ಜಿಯ ಸ್ಟೀಲ್ ತಟ್ಟೆಯನ್ನು ಎತ್ತಿ, ಪಕ್ಕದಲ್ಲಿದ್ದ ಚಟ್ನಿಯ ಸೌಟಿನಿಂದ ಬಡಿಯುತ್ತ, ಎದ್ದು ನಿಂತು ಅಪ್ಪನ ಕೂಗನ್ನು ಪೂರ್ತಿ ಎಳೆತದ ಸಮೇತ ಕೂಗಿಬಿಟ್ಟಿದ್ದೆ. ಆನೆಗಳು ಬಾಲ ಎತ್ತಿಕೊಂಡು ಕಾಡಿಗೆ ನುಗ್ಗಿದವು. ಬಜ್ಜಿಗಳು ಜಗಲಿಯ ತುಂಬ ಉರುಳಾಡಿದವು.

ಹತ್ತೊಂಬತ್ತು ಜನ ನನ್ನನ್ನು ನೋಡಿದ ರೀತಿಯನ್ನು ವರ್ಣಿಸುವುದಿಲ್ಲ. ಅವರಲ್ಲಿ ನನ್ನ ಹೆಂಡತಿಯೂ ಇದ್ದಳು. ಆಗ ಕಾಡಿನಾಚೆಯಿಂದ ಸಣ್ಣಗೆ, ಆದರೆ ಸ್ಪಷ್ಟವಾಗಿ, ಉತ್ತರದ ಕೂಗು ಬಂತು. ಚೌಡಣ್ಣನ ಅಟ್ಟಣೆಯ ಕೂಗು. ನಾನೀಗ ಗಿಡ್ಡ ಕೂಗು ಹಾಕಬೇಕು ಎಂದು ಬಾಯಿ ತೆರೆದರೆ, “ಸತ್ತಂ ಪೋಡಾದೀಂಗ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ, ಕೂಗ್ಬೇಡಿ” ಎಂದು ಸೆಲ್ವಂ ಎರಡು ಭಾಷೆಯಲ್ಲೂ ಕೈ ಮುಗಿದ. ಬಾಯಿ ಮುಚ್ಚಿಕೊಂಡೆ.

ಆಗಬೇಕಾದ್ದೇ ಆಯಿತು. ಅರ್ಧ ಗಂಟೆಯೊಳಗೆ ಗೇಟಿನ ಬಳಿ ಡಬ್ಬದ ಸದ್ದು, ಟಾರ್ಚುಗಳ ಬೆಳಕು. ಬಡಿಗೆ ಹಿಡಿದ ಐದಾರು ಜನ ವಾಚ್‌ಮನ್ನನ್ನು ತಳ್ಳಿಕೊಂಡೇ ಒಳಗೆ ಬಂದರು. ಮುಂದೆ ಇದ್ದವನು ಚೌಡಣ್ಣ. ತಲೆ ಪೂರ್ತಿ ಬೆಳ್ಳಗಾಗಿತ್ತು, ಏದುಸಿರು ಬಿಡುತ್ತಿದ್ದ.

“ಯಾರ್ಲಾ ಕೂಗಿದ್ದು?” ಎಂದ.

“ನಾನೇ ಚೌಡಣ್ಣ, ರಾಮು.”

ಅವನು ಹತ್ತಿರ ಬಂದು ನನ್ನ ಮುಖ ಮುಟ್ಟಿ ನೋಡಿದ. “ನಿಮ್ಮಪ್ಪನ್ ಕೂಗು ಕಣ್ಲಾ ಅದು. ಅವ್ನು ಇಲ್ಲ ಅಂತ ಗೊತ್ತು. ಆದ್ರೂ ಕಾಲು ನಿಲ್ಲಲಿಲ್ಲ, ಓಡ್ ಬಂದ್ಬುಟ್ಟೆ. ತಿರ್ಗಾ ಯಾಕ್ಲಾ ಕೂಗ್ಲಿಲ್ಲ ನೀನು?”

ನನಗೆ ಅಳು ಬಂತು. ನಾಜೂಕಾಗಿ ಹೇಳಲು ನನಗೆ ಬಾರದು. ಕಾಲಡಿಯಲ್ಲಿ ಬಜ್ಜಿ, ಕೈಯಲ್ಲಿ ಸೌಟು, ಅಷ್ಟು ಜನರೆದುರು ಅತ್ತುಬಿಟ್ಟೆ. ಹನ್ನೆರಡು ವರ್ಷ ನಾನು ಈ ಕಡೆ ತಲೆ ಹಾಕಿರಲಿಲ್ಲ. ಅವನು ಒಂದು ಕೂಗಿಗೆ ಓಡಿ ಬಂದಿದ್ದ.

ಇಲ್ಲಿಗೆ ಕತೆ ಮುಗಿದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಸಿಂಚನಾ ಮುಂದೆ ಬಂದು, “ತಾತ, ನಮ್ಮಪ್ಪ ಹತ್ತು ವರ್ಷದವನಿದ್ದಾಗ ಒಬ್ಬನೇ ರಾತ್ರಿಯೆಲ್ಲ ಕಾವಲು ಕಾಯ್ತಿದ್ನಂತೆ. ನಿಜಾನಾ?” ಎಂದಳು. ನಾನು ಚೌಡಣ್ಣನಿಗೆ ಕಣ್ಸನ್ನೆ ಮಾಡಿದೆ. ಅವನ ಕಣ್ಣಿಗೆ ಪೊರೆ ಬಂದಿದೆಯಂತೆ, ಕಾಣಿಸಲಿಲ್ಲ.

“ಇವ್ನಾ? ಕಂಬ್ಳಿ ಹೊದ್ದ ಅಂದ್ರೆ ಆನೆ ಬಂದು ಮರ ಅಲ್ಲಾಡ್ಸಿದ್ರೂ ಏಳ್ತಿರ್ಲಿಲ್ಲ ಕಣವ್ವ. ನಿದ್ದೇಲಿ ಉರುಳಿ ಬಿದ್ದಾನು ಅಂತ ನಿಮ್ ತಾತ ಇವ್ನ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದ್ ತುದಿ ತನ್ ಕಾಲಿಗ್ ಕಟ್ಕೊಂಡು ಕೂತಿರ್ತಿದ್ದ.”

ಆ ಹಗ್ಗದ ವಿಷಯ ನನಗೇ ಗೊತ್ತಿರಲಿಲ್ಲ. ನಿದ್ದೆಯಲ್ಲಿದ್ದವನಿಗೆ ಹೇಗೆ ಗೊತ್ತಾಗಬೇಕು. ಜಗಲಿಯ ಮೇಲಿದ್ದವರೆಲ್ಲ ಕೋಪ ಮರೆತು ನಕ್ಕರು. ಸಿಂಚನಾ ಚೌಡಣ್ಣನ ಪಕ್ಕ ಕೂತು ಗಿಡ್ಡ ಕೂಗನ್ನು ಪಿಸುದನಿಯಲ್ಲಿ ಕಲಿತಳು, ಅವನ ಫೋನ್ ನಂಬರನ್ನೂ ತೆಗೆದುಕೊಂಡಳು.

ಅವರು ಹೋದಮೇಲೆ ನಾನು ಮಗಳಿಗೆ ಖಡಾಖಂಡಿತವಾಗಿ ಹೇಳಿದೆ: “ನೋಡ್ತಿರು, ಇವತ್ತು ಬೆಳಗಿನವರೆಗೂ ಎದ್ದಿರ್ತೀನಿ. ಆನೆ ವಾಪಸು ಬಂದ್ರೆ ನಾನೇ ನಿನ್ನ ಎಬ್ಬಿಸ್ತೀನಿ.” ಮಂಚದ ಮೇಲೆ ಒರಗಿದ್ದು ನೆನಪಿದೆ. ಕಣ್ಣು ಬಿಟ್ಟಾಗ ಲತಾ ಕಾಫಿ ಹಿಡಿದು ನಿಂತಿದ್ದಳು, ಬಿಸಿಲು ಡೇರೆಯೊಳಗೆ ಬಂದಿತ್ತು. ಐದೂವರೆಗೆ ಹಿಂಡು ಮರಿಯ ಸಮೇತ ಬಂದು ಅರ್ಧ ಗಂಟೆ ನೀರಾಡಿತಂತೆ. ಎಲ್ಲರೂ ನೋಡಿದರಂತೆ. ನನ್ನನ್ನು ಮೂರು ಸಲ ಅಲ್ಲಾಡಿಸಿದರಂತೆ.

ಸಿಂಚನಾ ವಿಡಿಯೊ ತೋರಿಸಿದಳು. ಮರಿ ನೀರೆರಚುವುದು ಚೆನ್ನಾಗಿ ಬಂದಿತ್ತು. ಅದರ ಹಿಂದೆಯೇ ಡೇರೆಯ ಕಡೆಯಿಂದ ನನ್ನ ಗೊರಕೆಯೂ ಚೆನ್ನಾಗಿ ಬಂದಿತ್ತು. ಅದನ್ನು ಅಳಿಸಿಬಿಡು ಎಂದೆ. ಆದರೆ ಅವಳು ಆಗಲೇ ಚೌಡಣ್ಣನಿಗೆ ಕಳಿಸಿಯಾಗಿತ್ತು.